ವಾರಕ್ಕೊಂದು ಪ್ರಶ್ನೆ, ಊರಿಗೊಂದು ಕಟ್ಟೆ



ಗಡಿಯಲ್ಲಿ ಬೆಳೆದ ನಮಗೆ ಎರಡು ಮೂರು ಭಾಷೆ ಸಲೀಸಾಗಿ ಬರುತ್ತೆ. ಆದರೆ ನಮ್ಮನ್ನು ಒಪ್ಪದವರ ಜೊತೆ ಮಾತಾಡೋಕೆ ಯಾವ ಭಾಷೆಯೂ ಸಾಲ್ತಿಲ್ಲ. ಪಕ್ಷ, ಜಾತಿ, ಧರ್ಮ, ಭಾಷೆ, ಯಾವ ವಿಷಯ ಎತ್ತಿದರೂ ಎರಡೇ ನಿಮಿಷಕ್ಕೆ ‘ನೀನು ಯಾರ ಕಡೆ?’ ಅನ್ನೋ ಮಾತು ಬರುತ್ತೆ. ಆಮೇಲೆ ಒಬ್ಬರು ವಾಟ್ಸ್ಆ್ಯಪ್ ಗುಂಪು ಬಿಡ್ತಾರೆ, ಇನ್ನೊಬ್ಬರು ಮಾತೇ ಬಿಡ್ತಾರೆ.

1992ರಲ್ಲಿ ಪ್ಯಾರಿಸ್ಸಿನ ಬಾಸ್ಟೀಲ್ ಚೌಕದ ಒಂದು ಕಾಫಿ ಹೋಟೆಲಿನಲ್ಲಿ ಮಾರ್ಕ್ ಸೋತೆ ಎಂಬ ತತ್ವಶಾಸ್ತ್ರದ ಮೇಷ್ಟ್ರು ಭಾನುವಾರದ ಚರ್ಚೆ ಶುರು ಮಾಡಿದರು. ಯಾರು ಬೇಕಾದರೂ ಬರಬಹುದು, ಪದವಿ ಬೇಡ. ಒಂದು ಪ್ರಶ್ನೆ ಆರಿಸ್ಕೊಂಡು ಆ ಹೊತ್ತು ಅದನ್ನೇ ಚರ್ಚಿಸೋದು. ಆ ಪದ್ಧತಿ ಬೇರೆ ದೇಶಗಳಿಗೂ ಹರಡಿತು.

ನಮಗಿದು ಹೊಸದಲ್ಲ. 15ನೇ ಶತಮಾನದ ‘ಶೂನ್ಯಸಂಪಾದನೆ’ ಇಡೀ ಪ್ರಶ್ನೋತ್ತರದ ಗ್ರಂಥ. ಅದರಲ್ಲಿ ನಮ್ಮ ಸೊಲ್ಲಾಪುರದ ಪ್ರಸಂಗವಿದೆ. ಕೆರೆ ಕಟ್ಟಿಸ್ತಿದ್ದ ಸಿದ್ಧರಾಮರನ್ನು ಅಲ್ಲಮಪ್ರಭು ಬಂದು ಕೆಣಕ್ತಾರೆ. ಸಿಟ್ಟಿಗೆದ್ದವರು ಕಲ್ಲು ಎಸೀತಾರೆ. ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಕಲ್ಲಿನ ನಂತರವೂ ಮಾತು ಮುಂದುವರಿಯುತ್ತೆ, ಕೊನೆಗೆ ಇಬ್ಬರೂ ಕೂಡಿ ಕಲ್ಯಾಣಕ್ಕೆ ಹೋಗ್ತಾರೆ. ಆ ಕೆರೆ ಇವತ್ತಿಗೂ ಸೊಲ್ಲಾಪುರದಲ್ಲಿದೆ.

ನಾವು ಮಾಡಬೇಕಾದ್ದು ದೊಡ್ಡದೇನಲ್ಲ. ವಾಚನಾಲಯ, ಅರಳಿಕಟ್ಟೆ, ಚಹಾದಂಗಡಿ, ಎಲ್ಲಾದರೂ ವಾರಕ್ಕೆ ಒಂದು ಗಂಟೆ ಕೂರೋಣ. ‘ನ್ಯಾಯ ಅಂದ್ರೇನು?’, ‘ಊರು ಯಾರದ್ದು?’, ಹೀಗೆ ಒಂದೇ ಪ್ರಶ್ನೆ. ನಿಯಮ ಮೂರೇ ಮೂರು. ನಾಯಕರ ಮಾತು ಬೇಡ, ನಮ್ಮ ಅನುಭವ ಹೇಳೋಣ. ಉತ್ತರಿಸೋ ಮುಂಚೆ, ಎದುರಿನವರು ಹೇಳಿದ್ದನ್ನು ಅವರು ‘ಹೌದು, ಇದನ್ನೇ ಹೇಳಿದ್ದು’ ಅನ್ನೋ ಹಾಗೆ ತಿರುಗಿ ಹೇಳೋಣ. ಕೊನೆಗೆ ಗೆದ್ದವರು ಯಾರು ಅಂತ ಕೇಳೋದು ಬೇಡ.

ಮರಾಠಿ, ಮಲಯಾಳ, ತಮಿಳು, ತೆಲುಗಿನ ಗೆಳೆಯರನ್ನೂ ಕರೆಯೋಣ. ಅವರ ಮಾತನ್ನು ನಮ್ಮವರಿಗೆ, ನಮ್ಮ ಮಾತನ್ನು ಅವರಿಗೆ ದಾಟಿಸೋ ಶಕ್ತಿ ನಮಗಿದೆ. ಇದರಿಂದ ಕನ್ನಡ ಸಣ್ಣದಾಗಲ್ಲ. ನಮ್ಮ ಶಾಲೆ, ನಮ್ಮ ಹಕ್ಕಿನ ಬೇಡಿಕೆಯನ್ನೂ ಬಿಡಬೇಕಿಲ್ಲ. ಆ ಬೇಡಿಕೆ ಏಕೆ ಅಂತ ಪಕ್ಕದ ಮನೆಯವರಿಗೆ ನಾವೇ ಹೇಳದೆ ಇನ್ಯಾರು ಹೇಳಬೇಕು?

ಒಂದು ಮಾತು ನೆನಪಿಡೋಣ. ಊರಲ್ಲಿ ಸುಳ್ಳು ಸುದ್ದಿ ಹಬ್ಬಿದ ರಾತ್ರಿ, ‘ನಿಜವಾಗ್ಲೂ ಏನಾಯ್ತು?’ ಅಂತ ಕೇಳೋಕೆ ಆ ಕಡೆಯವರ ಒಂದು ಫೋನ್ ನಂಬರ್ ನಮ್ಮ ಹತ್ತಿರ ಇರಬೇಕು. ಆ ನಂಬಿಕೆ ಅವತ್ತೇ ಹುಟ್ಟಲ್ಲ. ಈ ಭಾನುವಾರವೇ ಶುರು ಮಾಡೋಣ.