ಕಣ್ಣಿನ ಆಪರೇಶನ್ ಆದ ಮೇಲೆ ಕೂಸಿನ ಉಸಿರಿನ ಕಾಳಜಿ



ದೊಡ್ಡವರ ಕಣ್ಣಿನ ಪೊರೆ ತೆಗೆಯಲು ಸಾಮಾನ್ಯವಾಗಿ ಕಣ್ಣಷ್ಟೇ ಜೋಮು ಹಿಡಿಸಿದರೆ ಸಾಕು. ಮೆಳ್ಳಗಣ್ಣು, ಹುಟ್ಟಿನಿಂದ ಪೊರೆ ಇರುವ ಕೂಸುಗಳಿಗೆ ಪೂರ್ತಿ ಅರಿವಳಿಕೆ ಬೇಕು. ಅದಕ್ಕೆ ಸಂಪಗಾಂವ ಕಡೆಯ ನಾವು ಬೆಳಗಾವಿ, ಹುಬ್ಬಳ್ಳಿಗೆ ಹೋಗುತ್ತೇವೆ.

ಎಚ್ಚರ ಆಗುವಾಗ ಬಾಯಲ್ಲಿ ಜೊಲ್ಲು, ಕಫ ಕೂಡುತ್ತದೆ. ನುಂಗುವ, ಕೆಮ್ಮುವ ಶಕ್ತಿ ಇನ್ನೂ ಪೂರ್ತಿ ಬಂದಿರುವುದಿಲ್ಲ. ಅದು ಶ್ವಾಸನಾಳಕ್ಕೆ ಇಳಿದರೆ ಉಸಿರು ಕಟ್ಟುತ್ತದೆ. ಅದಕ್ಕೇ ನರ್ಸಮ್ಮನವರು ಕೂಸನ್ನು ಮಗ್ಗುಲಾಗಿ ಮಲಗಿಸಿ, ನಳಿಕೆಯಿಂದ ಕಫ ಎಳೆದು ತೆಗೀತಾರೆ. ನೋಡಿ ಹೆದರೋದು ಬೇಡ. ನಾವಾಗಿ ಅಂಗಾತ ತಿರುಗಿಸಬಾರದು. ಅಳತೈತಿ ಅಂತ ಡಾಕ್ಟರು ಹೇಳೋ ಮೊದಲೇ ನೀರು, ಹಾಲು ಕುಡಿಸಬಾರದು. ಜೋರು ಕೆಮ್ಮು, ವಾಂತಿ ಆದರೆ ಕಣ್ಣಿಗೂ ಒತ್ತಡ. ಗಂಟಲಲ್ಲಿ ಗೊರಗೊರ ಸದ್ದು ಬಂದರೆ, ತುಟಿ ನೀಲಿಯಾದರೆ ಕೂಡಲೇ ಕೂಗಿ ಕರೆಯೋಣ.

ಆಪರೇಶನ್‌ಗೆ ಮೊದಲು ಹಸುವಿನ ಹಾಲು 6 ತಾಸು, ಎದೆಹಾಲು 4 ತಾಸು ಬಿಡಿಸುವುದು ಸಾಮಾನ್ಯ ನಿಯಮ. ಡಾಕ್ಟರು ಹೇಳಿದ ಹೊತ್ತನ್ನೇ ಪಾಲಿಸೋಣ.

ಕೂಸಿಗೆ ನೆಗಡಿ, ಕೆಮ್ಮು ಇದ್ದರೆ ಮುಚ್ಚಿಡುವುದು ಬೇಡ. ‘ತಾರೀಖು ಮುಂದ ಹೋದರ ಕೂಲಿ ಹೋಗತೈತಿ’ ಅಂತ ಸುಮ್ಮನಿರುತ್ತೇವೆ. ಆದರೆ ನೆಗಡಿಯಿದ್ದರೆ ಕಫ ಹೆಚ್ಚು, ಅಪಾಯವೂ ಹೆಚ್ಚು. ಹೋದ ಕೂಲಿಗೆ ಸಂಘದ ಉಳಿತಾಯ ಐತಿ. ಕೂಸಿನ ಉಸಿರಿಗೆ ನಾವೇ ಕಾವಲು.