ಐದನೇ ನಿಮಿಷದ ಕರೆ

ನವಿ ಮುಂಬೈನ ಐರೋಲಿಯಲ್ಲಿ ನಿಂತು ಖಾಡಿಯಾಚೆ ನೋಡಿದರೆ ಮುಂಬೈನ ಭಾಂಡುಪ್. ಮಂಗಳೂರು ಮೂಲದ ಕುಟುಂಬದ ಕ್ರಿಕೆಟ್ ಆಟಗಾರ್ತಿ ಜೆಮಿಮಾ ರಾಡ್ರಿಗಸ್ 2000ರಲ್ಲಿ ಹುಟ್ಟಿದ್ದು ಅಲ್ಲಿ. ತಂದೆಯೇ ಕೋಚ್. ಹದಿನೇಳರಲ್ಲೇ ಭಾರತ ತಂಡದ ಬಾಗಿಲು ತೆರೆಯಿತು. 2022ರ ಏಕದಿನ ವಿಶ್ವಕಪ್ ತಂಡದಲ್ಲಿ ಮಾತ್ರ ಹೆಸರೇ ಇರಲಿಲ್ಲ.

2025ರ ವಿಶ್ವಕಪ್ಪಿನಲ್ಲೂ ದಾರಿ ಸುಗಮವಾಗಿರಲಿಲ್ಲ. ಎರಡು ಸೊನ್ನೆ, ಆಮೇಲೆ ಇಂಗ್ಲೆಂಡ್ ಎದುರಿನ ಪಂದ್ಯಕ್ಕೆ ಹನ್ನೊಂದರಿಂದಲೇ ಹೊರಗೆ. ಆ ದಿನಗಳಲ್ಲಿ ಆತಂಕ ಕಾಡಿತ್ತು, ಅಮ್ಮನಿಗೆ ಫೋನ್ ಮಾಡಿ ಅಳುತ್ತಿದ್ದೆ ಎಂದು ಆಕೆಯೇ ಎಲ್ಲರೆದುರು ಹೇಳಿಕೊಂಡರು. ಗೆದ್ದ ರಾತ್ರಿ ಹಾಗೆ ಹೇಳುವುದಕ್ಕೆ ಎಂಥ ಗುಂಡಿಗೆ ಬೇಕು!

ಆ ರಾತ್ರಿ ಅಕ್ಟೋಬರ್ 30. ಐರೋಲಿಯಿಂದ ಲೋಕಲ್ ಹತ್ತಿದರೆ ತಲುಪುವ ನೆರೂಲ್‌ನ ಡಿ.ವೈ. ಪಾಟೀಲ್ ಕ್ರೀಡಾಂಗಣ, ಸೆಮಿಫೈನಲ್, ಆಸ್ಟ್ರೇಲಿಯಾದ 338. ಮೂರನೇ ಕ್ರಮಾಂಕಕ್ಕೆ ನೀನೇ ಎಂದು ತಿಳಿದದ್ದು ಕ್ರೀಸಿಗಿಳಿಯುವುದಕ್ಕೆ ಐದು ನಿಮಿಷ ಮುಂಚೆ. 82ರಲ್ಲಿ ಒಂದು ಕ್ಯಾಚ್ ಕೈಜಾರಿತು. ಮೈಯೆಲ್ಲ ಬಸವಳಿದಿತ್ತು. ನೂರು ಮುಟ್ಟಿದಾಗ ಬ್ಯಾಟ್ ಎತ್ತಿ ಸಂಭ್ರಮಿಸಲಿಲ್ಲ, ಮುಂದಿನ ಚೆಂಡಿಗೆ ಸಜ್ಜಾದರು. ನನಗೆ ಆ ಇನಿಂಗ್ಸಿನಲ್ಲಿ ಎಲ್ಲ ಬೌಂಡರಿಗಳಿಗಿಂತ ಮಿಗಿಲಾಗಿ ಕಂಡದ್ದು ಅದು. ತಂಡ ಇನ್ನೂ ಗೆದ್ದಿರಲಿಲ್ಲವಲ್ಲ!

134 ಎಸೆತ, ಅಜೇಯ 127. ನಾಯಕಿ ಹರ್ಮನ್‌ಪ್ರೀತ್ 89. ಮಹಿಳಾ ಏಕದಿನದಲ್ಲಿ ಅಷ್ಟು ದೊಡ್ಡ ಮೊತ್ತವನ್ನು ಅದಕ್ಕೂ ಮುಂಚೆ ಯಾರೂ ಬೆನ್ನಟ್ಟಿ ಗೆದ್ದಿರಲಿಲ್ಲ. ಮೂರು ದಿನ ಕಳೆದು, ನವೆಂಬರ್ 2ರಂದು, ಅದೇ ಅಂಗಳದಲ್ಲಿ ದಕ್ಷಿಣ ಆಫ್ರಿಕಾವನ್ನು ಸೋಲಿಸಿ ಭಾರತದ ಹೆಣ್ಣುಮಕ್ಕಳು ಮೊದಲ ಬಾರಿಗೆ ವಿಶ್ವಕಪ್ ಎತ್ತಿದರು.