ಮಗುವಿಗೆ ಎಷ್ಟು ಕಾಣುತ್ತದೆ? ಆಫ್ರಿಕಾದ ಸಂಶೋಧನೆಗಳು ಶಿಕ್ಷಕರಿಗೆ ಕಲಿಸುವ ಪಾಠ



ದೃಷ್ಟಿದೋಷ ಎಂಬ ಒಂದೇ ಪದದೊಳಗೆ ಹಲವು ಬಗೆಯ ಮಕ್ಕಳು ಅಡಗಿರುತ್ತಾರೆ. ಬೆಳಕಿನ ಸುಳಿವೇ ಇಲ್ಲದ ಮಗು ಒಂದು. ಬೆಳಕು ನೆರಳುಗಳನ್ನಷ್ಟೇ ಬಲ್ಲ ಮಗು ಇನ್ನೊಂದು. ಪುಸ್ತಕವನ್ನು ಮೂಗಿನ ತುದಿಗೆ ತಂದರೆ ಅಕ್ಷರ ಗುರುತಿಸಬಲ್ಲ ಮಗು ಮತ್ತೊಂದು. ಈ ಮೂವರಿಗೂ ಒಂದೇ ಹೆಸರಿಟ್ಟು ಒಂದೇ ಪಾಠ ಹೇಳಿದರೆ ಯಾರೋ ಒಬ್ಬರ ಕಲಿಕೆ ವ್ಯರ್ಥವಾಗುತ್ತದೆ. ಈ ಸರಳ ಸತ್ಯವನ್ನು ಪೂರ್ವ ಆಫ್ರಿಕಾದ ಶಾಲೆಗಳಲ್ಲಿ ನಡೆದ ಸಂಶೋಧನೆಗಳು ಸ್ಪಷ್ಟವಾಗಿ ಮನಗಾಣಿಸಿವೆ.

ಆಫ್ರಿಕಾದಲ್ಲಿ ಅಂಧರ ಶಿಕ್ಷಣಕ್ಕೆ ಅಡಿಗಲ್ಲು ಹಾಕಿದವುಗಳಲ್ಲಿ ಕ್ರೈಸ್ತ ಸಂಸ್ಥೆಗಳು ಪ್ರಮುಖವಾದವು. ಕೆನ್ಯಾದ ಥೀಕಾದಲ್ಲಿ 1946ರಲ್ಲಿ ಸಾಲ್ವೇಶನ್ ಆರ್ಮಿ ಅಂಧರ ಶಾಲೆಯನ್ನು ತೆರೆಯಿತು. ಸ್ವತಃ ದೃಷ್ಟಿ ಕಳೆದುಕೊಂಡಿದ್ದ ಜಾನ್ ವಿಲ್ಸನ್ 1950ರಲ್ಲಿ ಸ್ಥಾಪಿಸಿದ ಸಂಸ್ಥೆ ಇಂದು ಸೈಟ್‌ಸೇವರ್ಸ್ ಎಂಬ ಹೆಸರಿನಿಂದ ಆಫ್ರಿಕಾದ ಅನೇಕ ದೇಶಗಳಲ್ಲಿ ಕೆಲಸ ಮಾಡುತ್ತಿದೆ. ಮನೆಯ ಮೂಲೆಯಲ್ಲಿ ಕುಳಿತಿದ್ದ ಮಕ್ಕಳಿಗೆ ಇಂಥ ಪ್ರಯತ್ನಗಳಿಂದ ಅಕ್ಷರಲೋಕದ ಬಾಗಿಲು ತೆರೆಯಿತು. ಆದರೆ ಅಂಧರ ಶಾಲೆಗೆ ಬಂದ ಮಗುವೆಂದರೆ ಪೂರ್ಣ ಅಂಧ ಮಗುವೆಂದೇ ಭಾವಿಸಿ ಬ್ರೈಲ್ ಕಲಿಸುವ ರೂಢಿಯೂ ಬೆಳೆಯಿತು.

1990ರ ದಶಕದಲ್ಲಿ ಕೆನ್ಯಾ, ಮಲಾವಿ, ಉಗಾಂಡಾಗಳ ಅಂಧರ ಶಾಲೆಗಳಿಗೆ ನೇತ್ರತಜ್ಞರು ಭೇಟಿಯಿತ್ತು ಮಕ್ಕಳ ಕಣ್ಣುಗಳನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿದರು. ಅಂಧರೆಂದು ದಾಖಲಾಗಿದ್ದ ಅನೇಕ ಮಕ್ಕಳಲ್ಲಿ ಉಪಯುಕ್ತವಾದ ದೃಷ್ಟಿ ಉಳಿದಿರುವುದು ಕಂಡುಬಂತು. ಸರಿಯಾದ ಕನ್ನಡಕವನ್ನೋ ಭೂತಗನ್ನಡಿಯನ್ನೋ ಕೊಟ್ಟಾಗ ಅವರಲ್ಲಿ ಎಷ್ಟೋ ಮಂದಿ ಸಾಮಾನ್ಯ ಮುದ್ರಣದ ಪುಸ್ತಕವನ್ನೇ ಓದಬಲ್ಲವರಾಗಿದ್ದರು. ಇಂಥ ಮಕ್ಕಳು ಬ್ರೈಲ್ ಹಾಳೆಯ ಮೇಲೆ ಬಾಗಿ ಚುಕ್ಕೆಗಳನ್ನು ಬೆರಳಿನ ಬದಲು ಕಣ್ಣಿನಿಂದಲೇ ಓದುವುದುಂಟು. ಮಗು ತನಗೆ ಕಾಣುತ್ತದೆಂಬುದನ್ನು ಹೀಗೆ ದಿನವೂ ತಿಳಿಸುತ್ತಿರುತ್ತದೆ. ಅದನ್ನು ಗಮನಿಸುವವರು ಬೇಕು.

ಅಂಧತ್ವದ ಕಾರಣಗಳೂ ಕಾಲದೊಂದಿಗೆ ಬದಲಾದವು. ಮೊದಲು ದಡಾರ ಮತ್ತು ಎ ಜೀವಸತ್ವದ ಕೊರತೆಯಿಂದ ಕಣ್ಣಿನ ಪಾರದರ್ಶಕ ಪಟಲದ ಮೇಲೆ ಕಲೆ ಬಿದ್ದು ದೃಷ್ಟಿ ನಷ್ಟವಾಗುವುದು ಸಾಮಾನ್ಯವಾಗಿತ್ತು. ಲಸಿಕೆ ಮತ್ತು ಎ ಜೀವಸತ್ವದ ವಿತರಣೆ ವ್ಯಾಪಕವಾದ ಮೇಲೆ, ಆ ಕಾರಣದಿಂದ ಕುರುಡಾದ ಮಕ್ಕಳ ಪ್ರಮಾಣ ಪೂರ್ವ ಆಫ್ರಿಕಾದ ಶಾಲೆಗಳಲ್ಲಿ ಇಳಿದಿರುವುದನ್ನು 2009ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಇದು ವೈದ್ಯರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮಗುವಿಗೆ ಕನ್ನಡಕ, ದಪ್ಪಕ್ಷರದ ಪಾಠ, ತಕ್ಕ ಬೆಳಕು ಬೇಕಾಗುತ್ತವೆ. ಕಾರಣ ತಿಳಿದರೆ ಕಲಿಸುವ ಕ್ರಮವೂ ತಿಳಿಯುತ್ತದೆ.

ಶಾಲೆಗೇ ಬಾರದ ಮಕ್ಕಳ ಗತಿಯೇನು? ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲ; ಆದ್ದರಿಂದ ಶಾಲೆಗಳಲ್ಲಿ ನಡೆಯುವ ಸಂಶೋಧನೆಗೂ ಅವರು ಸಿಕ್ಕುವುದಿಲ್ಲ. ಇದಕ್ಕೆ ಮಲಾವಿಯಲ್ಲಿ ಪ್ರಯೋಗಿಸಿದ ಉಪಾಯ ಸರಳವಾದುದು. ಊರಿನ ಮನೆಮನೆಯನ್ನೂ ಬಲ್ಲ ಗ್ರಾಮಸ್ಥರಿಗೆ ಅಲ್ಪಾವಧಿಯ ತರಬೇತಿ ನೀಡಿ, ಕಣ್ಣು ಕಾಣದ ಮಕ್ಕಳನ್ನು ಗುರುತಿಸುವ ಹೊಣೆಯನ್ನು ಅವರಿಗೇ ವಹಿಸಲಾಯಿತು. ಊರು ಬಲ್ಲದ್ದನ್ನು ಕಚೇರಿಯ ಕಡತ ಬಲ್ಲದೆಂದು ಹೇಳಲಾಗದು.

ಕೆನ್ಯಾ ಮತ್ತು ಉಗಾಂಡಾಗಳಲ್ಲಿ ಸಾಮಾನ್ಯ ಶಾಲೆಗಳಲ್ಲಿ ಓದುವ ದೃಷ್ಟಿದೋಷದ ಮಕ್ಕಳ ನೆರವಿಗೆ ಸಂಚಾರಿ ಶಿಕ್ಷಕರಿದ್ದಾರೆ. ಅವರ ಕಾರ್ಯವಿಧಾನವನ್ನು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನ ಮಾಡಿ 2011ರಲ್ಲಿ ಲೇಖನಗಳನ್ನು ಪ್ರಕಟಿಸಿದರು. ಸ್ವಂತ ಶಾಲೆಯ ಪಾಠಗಳ ಹೊರೆ, ದೂರದ ದಾರಿ, ವಾಹನದ ಅಭಾವ ಇವುಗಳ ನಡುವೆ ಮಗುವಿನೊಡನೆ ಕಳೆಯುವ ಸಮಯವೇ ಕಿರಿದಾಗುತ್ತಿತ್ತು. ಇಲ್ಲಿ ಕೊರತೆಯಿದ್ದದ್ದು ಶಿಕ್ಷಕರ ಶ್ರದ್ಧೆಯಲ್ಲಿ ಅಲ್ಲ, ವ್ಯವಸ್ಥೆಯಲ್ಲಿ. ಒಳ್ಳೆಯ ಸಂಶೋಧನೆ ಶಿಕ್ಷಕರನ್ನು ದೂರುವುದಕ್ಕೆ ಮೊದಲು ಅವರ ದಿನಚರಿಯನ್ನು ನೋಡುತ್ತದೆ.

ಮಲಾವಿಯದೇ ಇನ್ನೊಂದು ನಿದರ್ಶನ ಆಲ್ಬಿನಿಸಂ ಇರುವ ಮಕ್ಕಳದು. ಚರ್ಮ, ಕೂದಲು, ಕಣ್ಣುಗಳಲ್ಲಿ ಬಣ್ಣದ ಅಂಶ ತೀರ ಕಡಿಮೆಯಿರುವ ಅಥವಾ ಇಲ್ಲದಿರುವ ಈ ಸ್ಥಿತಿಯಲ್ಲಿ ದೃಷ್ಟಿ ಮಂದವಾಗಿರುತ್ತದೆ, ಬಿಸಿಲಿನ ಝಳಕ್ಕೆ ಕಣ್ಣು ಕುಕ್ಕುತ್ತದೆ, ಚರ್ಮ ಬೇಗ ಸುಡುತ್ತದೆ. ಪಾಲ್ ಲಿಂಚ್ ಮತ್ತು ಪೆಟ್ರೀಷಿಯಾ ಲುಂಡ್ ಮೊದಲಾದ ಸಂಶೋಧಕರು ಇಂಥ ಮಕ್ಕಳ ಶಿಕ್ಷಣವನ್ನು ಅಲ್ಲಿ ಅಧ್ಯಯನ ಮಾಡಿದರು. ಮುಂದಿನ ಸಾಲಿನಲ್ಲಿ, ನೇರ ಬಿಸಿಲು ಬೀಳದ ಕಡೆ ಕೂರಿಸುವುದು. ಕರಿಹಲಗೆಯ ಹತ್ತಿರ ಹೋಗಿ ಓದಲು ಬಿಡುವುದು. ಕರಿಹಲಗೆಯ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದುವುದು. ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ ತೊಡಲು ಅನುಮತಿಸುವುದು: ಇವುಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಡ. ಆ ಮಗುವಿಗೆ ಬ್ರೈಲ್‌ಗಿಂತ ಮೊದಲು ಬೇಕಾದದ್ದು ಆ ಆಸನ.

ಪೂರ್ಣ ಅಂಧ ಮಗುವಿಗಾದರೋ ಬ್ರೈಲ್ ಬೇಕೇ ಬೇಕು. ಅಲ್ಲಿ ಭಾಷೆಯ ಪ್ರಶ್ನೆ ಎದುರಾಗುತ್ತದೆ. ಆಫ್ರಿಕಾದ ಅನೇಕ ದೇಶಗಳಲ್ಲಿ ಆರಂಭದ ತರಗತಿಗಳ ಪಾಠ ಮಾತೃಭಾಷೆಯಲ್ಲಿ ನಡೆದು, ಮುಂದೆ ಇಂಗ್ಲಿಷೋ ಫ್ರೆಂಚೋ ಮಾಧ್ಯಮವಾಗುತ್ತದೆ. ಇಂಗ್ಲಿಷಿನ ಸಂಕ್ಷಿಪ್ತ ಬ್ರೈಲ್‌ನಲ್ಲಿ ಒಂದೇ ಚಿಹ್ನೆ ಹಲವು ಅಕ್ಷರಗಳಿಗೆ ನಿಲ್ಲುವುದರಿಂದ, ಅಂಧ ಮಗು ಹೊಸ ಭಾಷೆಯ ಜೊತೆಗೆ ಹೊಸ ಲಿಪಿನಿಯಮಗಳನ್ನೂ ಕಲಿಯಬೇಕಾಗುತ್ತದೆ.

ಈ ವಿಷಯದಲ್ಲಿ ಗಡಿನಾಡಿನ ಕನ್ನಡ ಶಿಕ್ಷಕರ ಕೈಯಲ್ಲಿ ಒಂದು ಅನುಕೂಲವಿದೆ. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್‌ನಲ್ಲಿ ಕನ್ನಡದ ಕಕಾರಕ್ಕೂ ಮಲಯಾಳ, ತಮಿಳು, ಮರಾಠಿ, ತೆಲುಗುಗಳ ಕಕಾರಕ್ಕೂ ಚುಕ್ಕೆಗಳು ಒಂದೇ. ಕಣ್ಣುಳ್ಳ ಮಗು ಎರಡು ಲಿಪಿಗಳನ್ನು ಕಲಿಯುವಲ್ಲಿ ಅಂಧ ಮಗುವಿಗೆ ಬಹುಮಟ್ಟಿಗೆ ಒಂದೇ ಸಾಕು. ಕನ್ನಡ ಬ್ರೈಲ್ ಬಲ್ಲ ಶಿಕ್ಷಕರು ಹತ್ತಿರದಲ್ಲಿಲ್ಲವೆಂಬ ಒಂದೇ ಕಾರಣಕ್ಕೆ ಅಂಥ ಮಗುವನ್ನು ತಾಯ್ನುಡಿಯಿಂದ ದೂರ ಮಾಡಬೇಕಾಗಿಲ್ಲ. ನೆರೆಭಾಷೆಯ ಬ್ರೈಲ್ ಬಲ್ಲ ಸಹೋದ್ಯೋಗಿಯೊಬ್ಬರು ಜೊತೆಗೂಡಿದರೆ ಆರಂಭ ಸಾಧ್ಯ. ಅಂಧರಿಗಾಗಿ ಪುಸ್ತಕಗಳನ್ನು ಓದಬಲ್ಲ ರೂಪಕ್ಕೆ ತರಲು ದಾರಿ ಮಾಡಿಕೊಡುವ 2013ರ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಸ್ಥಿರೀಕರಿಸಿದ್ದು ಭಾರತ. ಆ ಒಪ್ಪಂದಕ್ಕೆ ಸಹಿ ಬಿದ್ದ ಮರಾಕೆಶ್ ನಗರವಿರುವುದು ಆಫ್ರಿಕಾದ ಮೊರಾಕ್ಕೊದಲ್ಲಿ.

ಸಂಶೋಧನೆಯೆಂಬುದು ವಿಶ್ವವಿದ್ಯಾಲಯದ ಸ್ವತ್ತಾಗಿ ಉಳಿಯಬೇಕಿಲ್ಲ. ಶಿಕ್ಷಕರು ಒಂದು ವಾರ ಒಂದು ಮಗುವನ್ನು ಗಮನಿಸಿ ಬರೆದಿಡಬಹುದು: ಪುಸ್ತಕವನ್ನು ಕಣ್ಣಿಗೆ ಎಷ್ಟು ಹತ್ತಿರ ಹಿಡಿಯುತ್ತದೆ, ಯಾವ ಬೆಳಕಿನಲ್ಲಿ ಚೆನ್ನಾಗಿ ಓದುತ್ತದೆ, ಸಂಜೆಯಾದಂತೆ ಎಡವುತ್ತದೆಯೇ, ನೆರೆಯವರ ಪುಸ್ತಕ ನೋಡಿ ನಕಲು ಮಾಡುತ್ತದೆಯೇ. ಆ ಟಿಪ್ಪಣಿಯೊಂದಿಗೆ ಮಗುವನ್ನು ನೇತ್ರತಜ್ಞರ ಬಳಿಗೆ ಕಳುಹಿಸಬೇಕು. ಬ್ರೈಲೋ ಮುದ್ರಣವೋ ಎಂಬ ನಿರ್ಣಯ ಅನಂತರದ್ದು. ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಮಗುವನ್ನೇ: "ಮಗೂ, ನಿನಗೆ ಎಲ್ಲಿ ಕೂತರೆ ಚೆನ್ನಾಗಿ ಕಾಣುತ್ತದೆ?"